ಮಕ್ಕಳ ಜಯಕಾರಕ್ಕೆ ಕನ್ನಡದ ಪರೀಕ್ಷೆಯೆ?

ನಮ್ಮ ಹಿರಿಯರು ನಾಲ್ಕು ಮಂದಿ ಸೇರಿದಲ್ಲಿ ಈಚಿನ ವರ್ಷಗಳಲ್ಲಿ ಒಂದು ದೂರು ಕೇಳಿಬರುತ್ತಿದೆ. ‘ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಕೈಬಿಟ್ಟು ಹೋದರು. ಬೆಂಗಳೂರಿನ ತಂಡ ಇಲ್ಲಿಗೆ ಆಡಲು ಬಂದರೂ ಇವರು ಮುಂಬಯಿಗೇ ಜೈ ಎನ್ನುತ್ತಾರೆ’ ಎಂಬುದೇ ಆ ದೂರು. ಕ್ರಿಕೆಟ್ಟಿನಲ್ಲಿ ಹುಟ್ಟಿದ ಮಾತು ಈಗ ಫುಟ್‌ಬಾಲಿಗೂ ಬಂದಿದೆ. ಇಂಡಿಯನ್ ಸೂಪರ್ ಲೀಗಿನಲ್ಲಿ ಮುಂಬಯಿ ಸಿಟಿ ತಂಡವೂ ಬೆಂಗಳೂರು ಎಫ್.ಸಿ. ತಂಡವೂ ಎದುರುಬದುರಾದಾಗ ಅಜ್ಜನದೊಂದು ಪಕ್ಷ, ಮೊಮ್ಮಗನದೊಂದು ಪಕ್ಷ. ಪಕ್ಷ ಎರಡಾದರೆ ಚಿಂತೆಯಿಲ್ಲ, ಆಟಕ್ಕೆ ಅದೇ ಸೊಗಸು. ಆದರೆ ‘ನೀನು ಯಾವ ಸೀಮೆಯ ಕನ್ನಡದವನೋ?’ ಎಂದು ಹತ್ತು ವರ್ಷದ ಹುಡುಗನನ್ನು ನೆಂಟರ ಎದುರಿಗೆ ಜರೆಯುವುದು ಬೇರೆ ಮಾತು. ಅದನ್ನು ನಾವು ಒಪ್ಪಲಾರೆವು. ಏಕೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕಾಗಿದೆ.

ಈ ಜಗಳ ಕಾವೇರಿದ್ದು 2022-23ರ ಲೀಗಿನಲ್ಲಿ. ಆ ವರ್ಷ ಮುಂಬಯಿ ತಂಡ ಮೊದಲ 18 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 20 ಪಂದ್ಯಗಳಿಂದ 46 ಅಂಕ ಗಳಿಸಿ ಲೀಗ್ ಷೀಲ್ಡನ್ನು ಕೈಗೆ ತೆಗೆದುಕೊಂಡಿತು. ಅದಕ್ಕೆ ಮೊದಲ ಸೋಲನ್ನು ಉಣಿಸಿದ್ದು ಯಾರು? 2023ರ ಫೆಬ್ರವರಿ 15ರಂದು ಕಂಠೀರವ ಕ್ರೀಡಾಂಗಣದಲ್ಲಿ 2-1ರಿಂದ ಗೆದ್ದ ಬೆಂಗಳೂರು ತಂಡ. ಮುಂದೆ ಸೆಮಿಫೈನಲಿನಲ್ಲಿ ಇವೇ ಎರಡು ತಂಡಗಳು ಮತ್ತೆ ಎದುರಾದವು. ಮಾರ್ಚ್ 7ರಂದು ನಮ್ಮ ಅಂಧೇರಿಯ ಮೈದಾನದಲ್ಲಿ ಸುನಿಲ್ ಛೇತ್ರಿ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಗೆದ್ದಿತು. ಮಾರ್ಚ್ 12ರಂದು ಬೆಂಗಳೂರಿನಲ್ಲಿ ಮುಂಬಯಿ 2-1ರಿಂದ ಗೆದ್ದು ಲೆಕ್ಕ ಸರಿಮಾಡಿತು. ಕೊನೆಗೆ ಪೆನಾಲ್ಟಿ ಒದೆತಗಳು. ಎಂಟೆಂಟು ಒದೆತ ಮುಗಿದರೂ ಎರಡೂ ಕಡೆಯಲ್ಲಿ ಒಬ್ಬನೂ ತಪ್ಪಲಿಲ್ಲ. ಒಂಬತ್ತನೆಯದರಲ್ಲಿ ತೀರ್ಮಾನವಾಗಿ ಬೆಂಗಳೂರು 9-8ರಿಂದ ಫೈನಲಿಗೆ ಹೋಯಿತು. ಇಂಥ ಆಟವನ್ನು ಕಂಡ ಹುಡುಗ ತನ್ನೂರಿನ ತಂಡ ಸೋತಿತೆಂದು ಊಟ ಬಿಟ್ಟರೆ ಅದು ಕನ್ನಡದ್ರೋಹವೆ?

ಇನ್ನು ‘ನಮ್ಮ ತಂಡ’, ‘ಅವರ ತಂಡ’ ಎಂಬ ಮಾತನ್ನು ನೋಡೋಣ. ಬೆಂಗಳೂರು ಎಫ್.ಸಿ.ಯನ್ನು 2013ರಲ್ಲಿ ಕಟ್ಟಿದ ಜೆ.ಎಸ್.ಡಬ್ಲ್ಯು. ಸಮೂಹದ ಮುಖ್ಯ ಕಚೇರಿ ಇರುವುದು ಇದೇ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕುಲದಲ್ಲಿ. ಮುಂಬಯಿ ಸಿಟಿಯ ಬಹುಪಾಲು ಒಡೆತನವೋ, ಆ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ತಂಡವನ್ನು ನಡೆಸುವ ಸಮೂಹದ ಕೈಯಲ್ಲಿತ್ತು. ಬೆಂಗಳೂರಿನ ಪರವಾಗಿ ಆಡಿದವರಲ್ಲಿ ಫಿಜಿ ದ್ವೀಪದ ರಾಯ್ ಕೃಷ್ಣ, ಸ್ಪೇನಿನ ಹಾವಿ ಹೆರ್ನಾಂಡೆಸ್ ಇದ್ದರು. ಮುಂಬಯಿಯ ಪರವಾಗಿ ಮಿಜೋರಾಮಿನ ಛಾಂಗ್ಟೆ, ಮಣಿಪುರದ ಬಿಪಿನ್ ಸಿಂಗ್ ಇದ್ದರು. ಇವರೆಲ್ಲ ಒಳ್ಳೆಯ ಆಟಗಾರರು, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಆ ಲೆಕ್ಕದಲ್ಲಿ ನಮ್ಮಂಥವರೇ. ಆದರೆ ಅವರ ಕಾಲಿನ ಚೆಂಡಿನ ಮೇಲೆ ನಮ್ಮ ಮನೆಯ ಹುಡುಗನ ಮಾತೃಭಾಷೆಯ ಭಾರವನ್ನು ಹೇರುವುದು ಯಾವ ನ್ಯಾಯ?

ಇನ್ನೂ ಒಂದು ಸಂಗತಿಯಿದೆ. ಬೆಂಗಳೂರು ತಂಡ ಈ ಲೀಗಿನ ಕಪ್ಪನ್ನು ಮೊದಲ ಬಾರಿ ಎತ್ತಿದ್ದು ಎಲ್ಲಿ? 2019ರ ಮಾರ್ಚ್ 17ರಂದು ಅಂಧೇರಿಯಲ್ಲಿ. ಗೋವಾ ತಂಡದ ಎದುರು ಹೆಚ್ಚುವರಿ ಅವಧಿಯ ಕೊನೆಗಳಿಗೆಯಲ್ಲಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದವನು ರಾಹುಲ್ ಭೇಕೆ, ಮುಂಬಯಿಯ ಹುಡುಗ. ಅದೇ ಭೇಕೆ 2021ರಲ್ಲಿ ಮುಂಬಯಿ ಸಿಟಿಗೆ ಬಂದ. 2024ರ ಮೇ ತಿಂಗಳಲ್ಲಿ ಕಲಕತ್ತೆಯಲ್ಲಿ ನಾಯಕನಾಗಿ ಅದಕ್ಕೂ ಕಪ್ ಗೆದ್ದುಕೊಟ್ಟು, ಮರಳಿ ಬೆಂಗಳೂರಿಗೆ ಹೋದ. ಬೆಂಗಳೂರಿನ ಮುಖವೇ ಆಗಿಹೋದ ಛೇತ್ರಿ ಕೂಡ 2015 ಮತ್ತು 2016ರಲ್ಲಿ ಈ ಲೀಗಿನಲ್ಲಿ ಮುಂಬಯಿ ಸಿಟಿಯ ಅಂಗಿ ತೊಟ್ಟವನು. ಅವರನ್ನು ಎರಡೂ ಊರಿನವರು ನಮ್ಮವರೆಂದು ಕರೆದರು. ಎರಡು ಊರಿಗೆ ಸಲ್ಲುವ ಭಾಗ್ಯ ಆಟಗಾರನಿಗೆ ಇರಬಹುದು, ನಮ್ಮ ಮಕ್ಕಳಿಗೆ ಮಾತ್ರ ಇರಬಾರದೆ?

ಹಿರಿಯರ ವಾದವನ್ನು ನಾವು ಕೇಳದೆ ಇಲ್ಲ. ‘ನಾವೂ ಇದೇ ಊರಲ್ಲಿ ದುಡಿದೆವು. ಆದರೂ ಸತತ 15 ವರ್ಷ ರಣಜಿ ಗೆದ್ದಿದ್ದ ಮುಂಬಯಿಯನ್ನು 1974ರಲ್ಲಿ ಕರ್ನಾಟಕ ಸೋಲಿಸಿದಾಗ ಹಿಗ್ಗಿದೆವು. ನಮ್ಮ ಮೊಮ್ಮಕ್ಕಳಿಗೆ ಆ ಕರುಳಿಲ್ಲ’ ಎನ್ನುತ್ತಾರೆ. ಆ ಹಿಗ್ಗು ನ್ಯಾಯವಾದದ್ದೇ. ಆದರೆ ಅವರು ಊರಿನ ಹೊಳೆ, ಶಾಲೆ, ಜಾತ್ರೆಗಳನ್ನು ಕಣ್ಣಲ್ಲಿ ತುಂಬಿಕೊಂಡು ಹದಿನಾರು ಹದಿನೆಂಟರ ಪ್ರಾಯದಲ್ಲಿ ಮುಂಬಯಿಗೆ ಇಳಿದವರು. ಮೊಮ್ಮಗನ ಕಣ್ಣಲ್ಲಿರುವುದು ಬೋರಿವಲಿಯೋ, ಡೊಂಬಿವಲಿಯೋ, ಅಂಧೇರಿಯ ಮೈದಾನವೋ. ಕಾಣದ ಊರಿಗಾಗಿ ಕರುಳು ಮಿಡಿಯಲೆಂದು ಆಜ್ಞೆ ಮಾಡಲು ಬರುವುದಿಲ್ಲ. ಕಾಣಿಸಿಕೊಡಬೇಕು, ಕೇಳಿಸಿಕೊಡಬೇಕು.

ಕೇಳಿಸಿಕೊಟ್ಟೆವೆ? ಅದೇ 2023ರ ಮಾರ್ಚ್ 4ರಂದು, ಅಂಧೇರಿಯ ಸೆಮಿಫೈನಲಿಗೆ ಮೂರೇ ದಿನ ಮುಂಚೆ, ಸೌದಿ ಅರೇಬಿಯಾದ ರಿಯಾಧಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದು ಕಂಪೆನಿಯ ತಂಡವಲ್ಲ, ನಾಡಿನ ತಂಡ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಬಂದ ಗೆಲವು. ಮೊಮ್ಮಗನ ಜಯಕಾರವನ್ನು ಎಣಿಸಿದವರಲ್ಲಿ ಎಷ್ಟು ಮಂದಿ ಆ ದಿನ ಮನೆಯಲ್ಲಿ ಸಿಹಿ ಹಂಚಿದರು? ಎಷ್ಟು ಮಂದಿಗೆ ಸುದ್ದಿಯಾದರೂ ತಿಳಿದಿತ್ತು? ಅಷ್ಟೇಕೆ, ಬ್ರಿಟಿಷರ ಕಾಲದಲ್ಲಿ ಇದೇ ಮುಂಬಯಿಯ ರೋವರ್ಸ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು ನಮ್ಮಲ್ಲಿ ಯಾರು ಮಕ್ಕಳಿಗೆ ಹೇಳಿದ್ದಾರೆ? ಕಥೆ ಹೇಳದೆ ಅಭಿಮಾನ ಕೇಳುವುದು, ಬಿತ್ತದೆ ಬೆಳೆ ಕೇಳಿದಂತೆ.

‘ಇಂದು ಚೆಂಡು ಹೋಯಿತು, ನಾಳೆ ಭಾಷೆ ಹೋದೀತು’ ಎಂದು ಕೆಲವರು ಹೆದರುತ್ತಾರೆ. ಸಂಗತಿ ಇದಕ್ಕೆ ತಿರುಗುಮುರುಗು. ಭಾಷೆ ಹೋಗುವುದು ಮೈದಾನದಲ್ಲಿ ಅಲ್ಲ, ಊಟದ ಮಣೆಯ ಮುಂದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುವ ಮಗುವಿಗೆ ಮೊದಲನೆಯದನ್ನು ಉಳಿಸಿಕೊಡುವವರು ತಾಯಿತಂದೆಗಳೇ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕರಗುತ್ತ ಬಂದಾಗ ನಮ್ಮಲ್ಲಿ ಬಹುಮಂದಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು. ಅದಕ್ಕೆ ಕಾರಣಗಳಿದ್ದುವು, ಜರೆಯುವುದಿಲ್ಲ. ಆದರೆ ಹಿರಿಯರು ತೆಗೆದುಕೊಂಡ ಆ ತೀರ್ಮಾನದ ದಂಡವನ್ನು ಮಗುವಿನ ಜಯಕಾರದಿಂದ ವಸೂಲು ಮಾಡಹೊರಡುವುದು ಸಲ್ಲದು.

ಈ ಮಗುವಿನ ಪಾಡನ್ನು ಒಂದು ಗಳಿಗೆ ಯೋಚಿಸಿರಿ. ಹೊರಗೆ ಯಾರೋ ಒಬ್ಬ ‘ನೀನು ಇಲ್ಲಿಯವನಲ್ಲ, ಮದ್ರಾಸಿ’ ಎನ್ನುತ್ತಾನೆ. ಆ ಮಾತಿನ ಕಹಿ ಎಷ್ಟೆಂಬುದು ನಮ್ಮ ಹಿರಿಯರಿಗೆ ಗೊತ್ತಿದೆ. 1960ರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ದಿನಗಳನ್ನು ಅವರು ಮರೆತಿಲ್ಲ. ಅಂಥ ಮಾತು ಕೇಳಿ ಮನೆಗೆ ಬಂದರೆ ಒಳಗೆ ಅಜ್ಜ ‘ನೀನು ನಮ್ಮವನಲ್ಲ’ ಎನ್ನಬೇಕೆ? ಎರಡೂ ಬಾಗಿಲು ಮುಚ್ಚಿದ ಹುಡುಗ ಕೊನೆಗೆ ಯಾವ ಊರಿನವನೂ ಆಗುವುದಿಲ್ಲ. ಮುಂಬಯಿಗೆ ಜೈ ಎಂದದ್ದಕ್ಕೆ ಅವನು ಕನ್ನಡ ಬಿಡುವುದಿಲ್ಲ. ಜೈ ಎಂದದ್ದಕ್ಕೆ ಕನ್ನಡದಲ್ಲಿ ಬೈಸಿಕೊಂಡರೆ ಬಿಟ್ಟಾನು.

ಯಾವ ತಂಡಗಳಿಗಾಗಿ ಈ ಮನೆಜಗಳವೋ, ಅವುಗಳ ಗಟ್ಟಿತನವನ್ನೂ ನೋಡಿದ್ದಾಯಿತು. 2025ರ ಜುಲೈ ತಿಂಗಳಲ್ಲಿ ಹಕ್ಕಿನ ಒಪ್ಪಂದ ನವೀಕರಣವಾಗದೆ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ತಂಡ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ಸಮೂಹ ಮುಂಬಯಿ ತಂಡದ ಪಾಲನ್ನು ಬಿಟ್ಟುಕೊಟ್ಟು ಹೊರಟಿತು. ಒಡೆಯರು ಬರುತ್ತಾರೆ, ಹೋಗುತ್ತಾರೆ. ಮೊಮ್ಮಗ ನಮ್ಮವನು.

ಹಾಗಾದರೆ ಮಾಡಬೇಕಾದದ್ದೇನು? ಬೆಂಗಳೂರು ತಂಡ ಅಂಧೇರಿಗೆ ಬಂದಾಗ ಸಂಘಗಳು ಒಂದು ಬಸ್ಸು ಗೊತ್ತುಮಾಡಲಿ. ಅಜ್ಜ ನೀಲಿ ಬಾವುಟ ಹಿಡಿದು ಬೆಂಗಳೂರಿಗೆ ಕೂಗಲಿ, ಮೊಮ್ಮಗ ಮುಂಬಯಿಗೆ ಕೂಗಲಿ. ಇಬ್ಬರೂ ಜಗಳವಾಡುವುದು ಮಾತ್ರ ಕನ್ನಡದಲ್ಲಿ ಆಗಲಿ. ಮಾರನೆಯ ದಿನ ಮಗು ಆ ಪಂದ್ಯದ ವರದಿಯನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯಲಿ. ತಪ್ಪಿದ್ದರೆ ಅಜ್ಜ ತಿದ್ದಲಿ, ಸಂಘದ ಪತ್ರಿಕೆಗಳು ಅಚ್ಚು ಹಾಕಲಿ. ವಾರ್ಷಿಕ ಕ್ರೀಡಾಕೂಟದಲ್ಲಿ ನಿಂಬೆಹಣ್ಣು-ಚಮಚ, ಹಗ್ಗಜಗ್ಗಾಟಗಳ ಜೊತೆಗೆ ಹುಡುಗ ಹುಡುಗಿಯರಿಗೆ ಒಂದು ಗಂಟೆ ಚೆಂಡಿನ ಆಟವೂ ಇರಲಿ. ಇದಕ್ಕೆ ದೊಡ್ಡ ನಿಧಿ ಬೇಡ, ಹಿರಿಯರ ಒಂದು ಸಂಜೆ ಸಾಕು.

ನಮ್ಮ ಮಕ್ಕಳು ಯಾರಿಗೆ ಜೈ ಎನ್ನುತ್ತಾರೆಂದು ಲೆಕ್ಕ ಇಡುವುದನ್ನು ಇನ್ನಾದರೂ ಬಿಡೋಣ. ಗೋಲು ಬಿದ್ದಾಗ ಅವರು ಯಾವ ಭಾಷೆಯಲ್ಲಿ ‘ಅಯ್ಯೋ!’ ಎನ್ನುತ್ತಾರೆಂಬುದನ್ನು ಕಿವಿಗೊಟ್ಟು ಕೇಳೋಣ. ಅದು ಕನ್ನಡವಾಗಿ ಉಳಿದರೆ, ಗೆದ್ದ ತಂಡ ಯಾವುದಾದರೂ ನಮಗೆ ಸೋಲಿಲ್ಲ.