ಬರಿದಾಗಿರುವುದೇ ಭಾಗ್ಯವಲ್ಲ

ಗಣಕಯಂತ್ರದ ಮೆಮೊರಿ ಎಷ್ಟು ವ್ಯಯವಾಗಿದೆಯೆಂಬುದನ್ನು ತಿಳಿಸುವ ಸಾಧನಗಳು ಹಲವಾರಿದ್ದರೂ, ಲಿನಕ್ಸ್ ವ್ಯವಸ್ಥೆಯ ಟರ್ಮಿನಲ್‌ನಲ್ಲಿ ‘ಫ್ರೀ’ ಎಂಬ ಒಂದೇ ಪದವನ್ನು ಟೈಪ್ ಮಾಡಿದೊಡನೆ ಮೂಡುವ ಎರಡು ಸಾಲಿನ ಪಟ್ಟಿಯಷ್ಟು ಮಿತಭಾಷಿಯಾದುದೂ, ಅದರಷ್ಟು ಅಪಾರ್ಥಕ್ಕೆ ಈಡಾದುದೂ ವಿರಳವೆಂದೇ ಹೇಳಬೇಕು. ಆ ಆದೇಶವು ತಾನಾಗಿ ಏನನ್ನೂ ಅಳೆಯುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನೆಲ್ಲು ‘ಮೆಮ್‌ಇನ್ಫೋ’ ಎಂಬ ಕಡತದಲ್ಲಿ ಒದಗಿಸುವ ಅಂಕಿಗಳನ್ನು ಓದಿ, ಒಟ್ಟು ಎಷ್ಟು, ಬಳಕೆಯಲ್ಲಿರುವುದೆಷ್ಟು, ಬರಿದಾಗಿರುವುದೆಷ್ಟು ಎಂದು ಅಡ್ಡಸಾಲಿನಲ್ಲಿ ಜೋಡಿಸಿಡುತ್ತದೆ. ಅಂಕಿಗಳೇನೋ ಸತ್ಯವಾದುವೇ, ಆದರೆ ಸತ್ಯವಾದ ಅಂಕಿಯೂ ನಾವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಬಿಟ್ಟು ಬೇರೊಂದಕ್ಕೆ ಉತ್ತರವಾಗಿದ್ದರೆ ನಮ್ಮನ್ನು ದಾರಿ ತಪ್ಪಿಸಬಲ್ಲುದು.

8 ಜಿಬಿ ಮೆಮೊರಿಯುಳ್ಳ ಯಂತ್ರವೊಂದು ಕೆಲವು ಗಂಟೆಗಳ ಕಾಲ ಕೆಲಸ ಮಾಡಿದ ತರುವಾಯ, ‘ಬರಿದು’ ಎಂಬ ಅಂಕಣದಲ್ಲಿ ಕೆಲವೇ ನೂರು ಎಂಬಿ ಉಳಿದಿರುವುದನ್ನು ಕಂಡು ಗಾಬರಿಗೊಳ್ಳುವವರುಂಟು. ವಸ್ತುತಃ ಅಲ್ಲಿ ನಡೆದಿರುವುದು ದುಂದುವೆಚ್ಚವಲ್ಲ, ದೂರದೃಷ್ಟಿ. ಮೆಮೊರಿಯಿಂದ ಒಂದು ಅಂಶವನ್ನು ಪಡೆಯಲು ಸುಮಾರು 100 ನ್ಯಾನೋಸೆಕೆಂಡು ಸಾಕಾದರೆ, ತಿರುಗುವ ಡಿಸ್ಕಿನಿಂದ ಅದನ್ನೇ ತರಲು ಹಲವು ಮಿಲಿಸೆಕೆಂಡುಗಳೇ ಬೇಕಾಗುವುದರಿಂದ, ಒಮ್ಮೆ ಓದಿದ ಕಡತಗಳನ್ನು ಕರ್ನೆಲ್ಲು ಬಳಕೆಯಿಲ್ಲದ ಮೆಮೊರಿಯಲ್ಲಿ ಕ್ಯಾಷ್ ಆಗಿ ಇರಿಸಿಕೊಂಡಿದ್ದು, ಬೇರೊಂದು ಪ್ರೋಗ್ರಾಮು ಸ್ಥಳವನ್ನು ಬೇಡಿದೊಡನೆ ಅದರಲ್ಲಿ ಬಹುಭಾಗವನ್ನು ಬಿಟ್ಟುಕೊಡುತ್ತದೆ. ಹಣ ಕೊಟ್ಟು ಕೊಂಡ ಮೆಮೊರಿಯು ಬರಿದಾಗಿ ಬಿದ್ದಿರುವುದೇ ನಿಜವಾದ ನಷ್ಟ.

ಈ ವಿವೇಚನೆಯು ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳಲು ಬಹುಕಾಲ ಹಿಡಿಯಿತು. ಬರಿದಾದುದನ್ನೂ ಕ್ಯಾಷನ್ನೂ ಕೂಡಿಸಿದರೆ ಲಭ್ಯವಿರುವ ಮೊತ್ತ ದೊರೆಯುವುದೆಂದು ಅನೇಕ ಪ್ರೋಗ್ರಾಮುಗಳು ಭಾವಿಸಿದ್ದುವು. ಆದರೆ ಕ್ಯಾಷಿನ ಲೆಕ್ಕದೊಳಗೆ, ಪ್ರೋಗ್ರಾಮುಗಳು ಹಂಚಿಕೊಂಡು ಬಳಸುತ್ತಿರುವ, ಸುಲಭವಾಗಿ ತೆರವು ಮಾಡಲಾಗದ ಮೆಮೊರಿಯೂ ಸೇರಿರುವುದರಿಂದ ಆ ಕೂಡಿಕೆ ಸರಿಯಾಗುತ್ತಿರಲಿಲ್ಲ. ಕರ್ನೆಲ್ ತಂತ್ರಜ್ಞ ರಿಕ್ ವಾನ್ ರೀಲ್ ಅವರ ತಿದ್ದುಪಡಿಯ ಫಲವಾಗಿ 2014ರ ಮಾರ್ಚಿನಲ್ಲಿ ಹೊರಬಂದ ಲಿನಕ್ಸ್ 3.14ರಲ್ಲಿ, ಸ್ವಾಪಿನ, ಅಂದರೆ ಮೆಮೊರಿಯ ಬದಲಿಗೆ ಬಳಸುವ ಡಿಸ್ಕಿನ ಭಾಗದ, ಮೊರೆಹೋಗದೆ ಹೊಸ ಪ್ರೋಗ್ರಾಮುಗಳಿಗೆ ಎಷ್ಟು ಮೆಮೊರಿ ಒದಗೀತೆಂಬ ಅಂದಾಜನ್ನು ಕರ್ನೆಲ್ಲೇ ಕೊಡಲಾರಂಭಿಸಿತು. ಅದೇ ವರ್ಷ ‘ಫ್ರೀ’ಯ ಪಟ್ಟಿಯ ಕೊನೆಯಲ್ಲಿ ‘ಅವೈಲಬಲ್’ ಎಂಬ ಅಂಕಣವು ಸೇರ್ಪಡೆಯಾಯಿತು. ಸಾಮಾನ್ಯ ಬಳಕೆದಾರನು ಮೊದಲು ಓದತಕ್ಕುದು ಆ ಕೊನೆಯ ಅಂಕಣವನ್ನೇ.

ಪ್ರತಿಯೊಂದು ಪ್ರೋಗ್ರಾಮಿನ ಪಾಲನ್ನು ನಿಶ್ಚಯಿಸುವಲ್ಲಿಯೂ ಇಂತಹದೇ ತೊಡಕುಂಟು. ಐದು ಮನೆಗಳಿಗೆ ಸೇರಿದ ಒಂದೇ ಬಾವಿಯನ್ನು ಪ್ರತಿಯೊಂದು ಮನೆಯ ಆಸ್ತಿಪತ್ರದಲ್ಲಿಯೂ ಪೂರ್ಣವಾಗಿ ಬರೆದರೆ ಊರಿನಲ್ಲಿ ಐದು ಬಾವಿಗಳಿದ್ದಂತೆ ತೋರುವ ಹಾಗೆ, ಐದು ಪ್ರೋಗ್ರಾಮುಗಳು ಹಂಚಿಕೊಂಡ 10 ಎಂಬಿಯ ಲೈಬ್ರರಿಯನ್ನು ರೂಢಿಯ ಲೆಕ್ಕವು ಒಂದೊಂದರ ಹೆಸರಿನಲ್ಲಿಯೂ ಹತ್ತೆಂದೇ ಬರೆದು, ಒಟ್ಟು 50 ಎಂಬಿಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಮ್ಯಾಟ್ ಮ್ಯಾಕಲ್ ಅವರು ರಚಿಸಿದ ‘ಎಸ್‌ಮೆಮ್’ ಎಂಬ ಆದೇಶವು, ಹಂಚಿಕೊಂಡುದನ್ನು ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿ, ತಲಾ 2 ಎಂಬಿಯನ್ನಷ್ಟೇ ಹೊರಿಸುತ್ತದೆ. ಹೀಗೆ ಮಾಡಿದಾಗ ಪಾಲುಗಳ ಮೊತ್ತವು ವಾಸ್ತವ ಬಳಕೆಯನ್ನು ಮೀರುವುದಿಲ್ಲ.

ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಸೂಕ್ಷ್ಮವೆಂದು ಓದುಗರು ಭಾವಿಸಬಾರದು. ನಮ್ಮ ಜೇಬುಗಳಲ್ಲಿರುವ ಆಂಡ್ರಾಯ್ಡ್ ಫೋನುಗಳೊಳಗೆ ಇರುವುದೂ ಲಿನಕ್ಸ್ ಕರ್ನೆಲ್ಲೇ. ಆದರೂ ‘ಕ್ಲೀನರ್’, ‘ಬೂಸ್ಟರ್’ ಎಂಬ ಹೆಸರುಗಳ ಆ್ಯಪುಗಳು, ಬಳಕೆಯಲ್ಲಿರುವ ಮೆಮೊರಿಯನ್ನು ಕೆಂಪು ವರ್ಣದಲ್ಲಿ ತೋರಿಸಿ, ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ಗುಡಿಸಿ ಸ್ವಚ್ಛಮಾಡುವುದಾಗಿ ಅಭಯವೀಯುತ್ತವೆ. ಹಾಗೆ ಹೊರದೂಡಿದ ಆ್ಯಪನ್ನು ಮರಳಿ ತೆರೆಯುವಾಗ ಫೋನು ಅದನ್ನು ಮೊದಲಿನಿಂದ ಓದಿ ಸಿದ್ಧಪಡಿಸಬೇಕಾಗುವುದರಿಂದ, ಉಳಿತಾಯವೆಂದು ತೋರಿದುದು ಬ್ಯಾಟರಿಗೂ ಸಮಯಕ್ಕೂ ವೆಚ್ಚವಾಗಿ ಪರಿಣಮಿಸುತ್ತದೆ.

ಹಾಗೆಂದು ಮೆಮೊರಿಯ ಕೊರತೆಯೆಂಬುದೇ ಇಲ್ಲವೆನ್ನಲಾಗದು. ಲಭ್ಯವೆಂಬ ಅಂಕಿಯು ಕುಗ್ಗಿ ಕುಗ್ಗಿ ಶೂನ್ಯದ ಸಮೀಪಕ್ಕೆ ಬಂದು, ‘ವಿಎಂಸ್ಟ್ಯಾಟ್’ ಎಂಬ ಇನ್ನೊಂದು ಆದೇಶವು ಮೆಮೊರಿಗೂ ಸ್ವಾಪಿಗೂ ನಡುವೆ ಎಡೆಬಿಡದ ಸಾಗಾಟವನ್ನು ತೋರಿಸುವಾಗ, ಹೆಚ್ಚಿನ ಮೆಮೊರಿಯನ್ನು ಕೊಳ್ಳುವುದೇ ವಿವೇಕ. ಆದರೆ ಕಚೇರಿಗಳೂ ಶಾಲೆಗಳೂ ಹಳೆಯ ಯಂತ್ರಗಳನ್ನು ನಿರುಪಯೋಗಿಗಳೆಂದು ಮೂಲೆಗೆ ತಳ್ಳುವ ಮೊದಲು ಇಷ್ಟನ್ನಾದರೂ ಪರೀಕ್ಷಿಸಿ ನೋಡುವುದು ಸಾರ್ವಜನಿಕ ಹಣದ ವಿಷಯದಲ್ಲಿ ಅವುಗಳ ಕರ್ತವ್ಯವಾಗಿದೆ. ಅಂತೆಯೇ ಫೋನು ತಯಾರಿಸುವವರೂ, ಭೀತಿಯನ್ನು ಹುಟ್ಟಿಸುವ ಶೇಕಡಾವಾರನ್ನೂ ಗುಡಿಸುವ ಗುಂಡಿಯನ್ನೂ ಪರದೆಯಿಂದ ತೆಗೆದು, ಇನ್ನೆಷ್ಟು ಕೆಲಸಕ್ಕೆ ಮೆಮೊರಿ ಒದಗೀತೆಂಬ ಒಂದೇ ಅಂಕಿಯನ್ನು ಅಲ್ಲಿ ಇರಿಸುವುದಾದರೆ, ಬಳಕೆದಾರನಿಗೆ ಅದಕ್ಕಿಂತ ಹೆಚ್ಚಿನ ಉಪಚಾರವೇನೂ ಬೇಕಾಗದು.