ಹಿಮದ ಓಟಗಾರರ ಉಬ್ಬಸ

ಉಬ್ಬಸವು ದುರ್ಬಲರ ರೋಗವೆಂದೇ ನಾವು ಎಣಿಸಿರುತ್ತೇವೆ. ಆದರೆ ನಾರ್ವೆ, ಸ್ವೀಡನ್ ದೇಶಗಳ ಹಿಮದ ಮೇಲೆ ಹತ್ತಾರು ಕಿಲೋಮೀಟರು ಸಾಗುವ ಸ್ಕೀ ಪಟುಗಳಲ್ಲಿ ಅದು ಇತರರಿಗಿಂತ ಅಧಿಕ. ಮೂಗು ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ ಒಳಬಿಡುವುದು. ಏದುಸಿರಿನ ಓಟದಲ್ಲಾದರೋ ಬಾಯಿಯೇ ಗತಿ. ನಿಮಿಷಕ್ಕೆ 100 ಲೀಟರಿಗೂ ಮಿಕ್ಕಿ ನುಗ್ಗುವ ಶೀತಲ, ಶುಷ್ಕ ವಾಯುವಿನಿಂದ ಶ್ವಾಸನಾಳದ ಒಳಪದರವು ಒಣಗಿ, ಕೆರಳಿ, ನಾಳವೇ ಬಿಗಿಯುತ್ತದೆ. ವರ್ಷಾನುವರ್ಷದ ಅಭ್ಯಾಸವೇ ಹೀಗೆ ರೋಗಕ್ಕೆ ಕಾರಣವಾಗಬಲ್ಲದು.

ಔಷಧಿಗೂ ಮಿತಿಯುಂಟು. ನಾರ್ವೆಯ ಮಾರ್ಟಿನ್ ಯೊನ್ಸ್‌ರೂಡ್ ಸುಂಡ್ಬಿಯವರು ಉಬ್ಬಸದ ಸಾಲ್ಬುಟಮಾಲನ್ನು ನಿಯಮ ಮೀರಿ ಸೇವಿಸಿದ್ದಕ್ಕಾಗಿ 2016ರಲ್ಲಿ ಎರಡು ತಿಂಗಳ ನಿಷೇಧಕ್ಕೆ ಗುರಿಯಾದರು. 2015ರಲ್ಲಿ ಗೆದ್ದ ಟೂರ್ ಡಿ ಸ್ಕೀ ಪ್ರಶಸ್ತಿಯೂ ಕೈಬಿಟ್ಟಿತು. ಸೇವಿಸಿದ್ದು ತಂಡದ ವೈದ್ಯರ ಸಲಹೆಯಂತೆ ಎಂಬುದು ನಮ್ಮ ಮನಸ್ಸನ್ನು ಕಲಕುತ್ತದೆ. ಅಭ್ಯಾಸಕಾಲದಲ್ಲಿ ಕೆಲವರು, ಉಸಿರಿನ ಬಿಸಿಯನ್ನೂ ತೇವವನ್ನೂ ಉಳಿಸಿಕೊಡುವ ಮುಖಕವಚವನ್ನು ಧರಿಸುತ್ತಾರೆ.