ಹಳೆಯ ಮಸೂರ, ಹೊಸ ಕ್ಯಾಮರಾ

ಹಳೆಯದೆಂದು ಮಸೂರವನ್ನು ಮೂಲೆಗೆ ತಳ್ಳುವುದು ಅವಿಚಾರ. ಹಳೆಯದೆಂದೇ ಪೂಜಿಸುವುದೂ ಅಷ್ಟೇ ಅವಿಚಾರ. 1957ರಲ್ಲಿ ಬಂದ ಹ್ಯಾಸಲ್‌ಬ್ಲಾಡ್ 500ಸಿ ಕ್ಯಾಮರಾಕ್ಕೆಂದು ಝೈಸ್ ಸಂಸ್ಥೆ ಮಾಡಿದ 80 ಮಿಲಿಮೀಟರ್ ಪ್ಲಾನಾರ್ ಮಸೂರವನ್ನು 2019ರ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100 ಕ್ಯಾಮರಾಕ್ಕೆ ತೊಡಿಸಬಹುದು. ಹೊಸ ಯಂತ್ರದೊಳಗೆ ಕನ್ನಡಿಯಿಲ್ಲವಾದ್ದರಿಂದ ಮಸೂರವನ್ನು ತಕ್ಕ ದೂರದಲ್ಲಿ ನಿಲ್ಲಿಸಲು ಲೋಹದ ಗಿಡ್ಡ ಕೊಳವೆಯೊಂದು ಸಾಕು. ಆದರೆ 56 ಮಿಲಿಮೀಟರ್ ಚೌಕದ ಫಿಲ್ಮಿಗಾಗಿ ರೂಪುಗೊಂಡ ಬಿಂಬದ ಅಂಚು 44ಕ್ಕೆ 33 ಮಿಲಿಮೀಟರಿನ ಸಂವೇದಕದ ಹೊರಗೇ ಉಳಿಯುತ್ತದೆ. ಒಳಗೆ ಬಿದ್ದುದರಲ್ಲಿಯೂ, ಬೆಳಕಿಗೆ ಎದುರಾಗಿ ಹಿಡಿದಾಗ ಮೂಡುವ ಮಸುಕನ್ನು ಹತ್ತು ಕೋಟಿ ಬಿಂದುಗಳ ಆ ಸಂವೇದಕ ಮುಚ್ಚಿಡದು. ಆ ಸೌಮ್ಯತೆ ಭಾವಚಿತ್ರಕ್ಕೆ ಒಪ್ಪೀತು. ಓಲೆಗರಿಯ ಅಕ್ಷರಗಳನ್ನು ಪ್ರತಿಮಾಡುವಾಗ ಅದೇ ದೋಷವಾದೀತು. ಕಾವ್ಯದಲ್ಲಿ ಛಂದಸ್ಸಿಗೆ ಹೇಳುವ ಮಾತೇ ಇಲ್ಲಿಯೂ ಸಲ್ಲುತ್ತದೆ: ಗುಣವನ್ನು ಅಳೆಯಬೇಕಾದುದು ವಯಸ್ಸಿನಿಂದಲ್ಲ, ಔಚಿತ್ಯದಿಂದ.